ಮೊಲ ಸಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಸೀಮೆಯವರಿಗಾಗಿ

ಮೊಲ ತಂದವರು ಮೊದಲು ವಿಚಾರಿಸುವುದು ಗೂಡಿನ ಬೆಲೆಯನ್ನು. ವಿಚಾರಿಸಬೇಕಾದದ್ದು ಹುಲ್ಲು ಎಲ್ಲಿ ಸಿಗುತ್ತದೆ ಎಂಬುದನ್ನು. ಸಾಕಿದ ಮೊಲಗಳ ಕಾಯಿಲೆಗಳಲ್ಲಿ ಬಹುಪಾಲು ಹೊಟ್ಟೆಯಿಂದ ಇಲ್ಲವೇ ಹಲ್ಲಿನಿಂದ ಶುರುವಾಗುತ್ತವೆ. ಎರಡಕ್ಕೂ ಮೂಲ ಹುಲ್ಲಿನ ಕೊರತೆ. ಆದ್ದರಿಂದ ಮುಂದಿನ ಉತ್ತರಗಳಲ್ಲಿ ಹುಲ್ಲಿನ ಮಾತು ಮತ್ತೆ ಮತ್ತೆ ಬರುತ್ತದೆ, ಬೇಸರಿಸದೆ ಓದಿ. ನಾನು ಪಶುವೈದ್ಯನಲ್ಲ, ಧಾರವಾಡದಲ್ಲಿ ಬಹುಕಾಲದಿಂದ ಮೊಲ ಸಾಕಿಕೊಂಡು ಬಂದವನು. ಚಿಕಿತ್ಸೆಯ ವಿಷಯದಲ್ಲಿ ವೈದ್ಯರ ಮಾತೇ ಅಂತಿಮ.

ಮೊಲಕ್ಕೆ ದಿನವೂ ಏನು ಹಾಕಬೇಕು?

ಹುಲ್ಲು. ತಿನ್ನುವುದರಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚು ಹುಲ್ಲೇ ಇರಬೇಕು. ಹಸಿ ಹುಲ್ಲಾದರೂ ಸರಿ, ಒಣಹುಲ್ಲಾದರೂ ಸರಿ, ಹಗಲು ರಾತ್ರಿ ಅದರ ಮುಂದೆ ಖಾಲಿಯಾಗದಂತೆ ಇರಬೇಕು. ಅದರ ಜೊತೆಗೆ ದಿನಕ್ಕೆ ಒಂದೆರಡು ಹಿಡಿ ಬಗೆಬಗೆಯ ಸೊಪ್ಪು, ಸದಾ ಶುದ್ಧ ನೀರು. ಅಂಗಡಿಯಲ್ಲಿ ಸಿಗುವ ಮೊಲದ ಪೆಲೆಟ್, ಅಂದರೆ ಒತ್ತಿ ಮಾಡಿದ ಗುಳಿಗೆ ಮೇವು, ಹಾಕುವುದಾದರೆ ಬೆಳೆದ ಮೊಲದ ಒಂದು ಕಿಲೋ ತೂಕಕ್ಕೆ ದಿನಕ್ಕೆ 20ರಿಂದ 25 ಗ್ರಾಂ ಸಾಕು. ಪೆಲೆಟ್‌ನಿಂದಲೇ ಹೊಟ್ಟೆ ತುಂಬಿಸಿದರೆ ಮೊಲ ಹುಲ್ಲಿನತ್ತ ಮುಖ ಹಾಕುವುದಿಲ್ಲ.

ಹುಲ್ಲಿಗೆ ಇಷ್ಟೊಂದು ಮಹತ್ವ ಏಕೆಂದರೆ, ಮೊಲದ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಮುಂದಿನ ಹಲ್ಲು ವಾರಕ್ಕೆ ಎರಡು ಮಿಲಿಮೀಟರಿನಷ್ಟು ಬೆಳೆಯುತ್ತದೆ, ದವಡೆ ಹಲ್ಲುಗಳೂ ಬೆಳೆಯುತ್ತವೆ. ನಾರಿರುವ ಹುಲ್ಲನ್ನು ಗಂಟೆಗಟ್ಟಲೆ ಅಗಿದಾಗ ಮಾತ್ರ ಅವು ಸರಿಯಾಗಿ ಸವೆಯುತ್ತವೆ. ಸವೆಯದೆ ಹೋದರೆ ದವಡೆ ಹಲ್ಲಿನ ಅಂಚು ಮೊನಚಾಗಿ ನಾಲಿಗೆಗೂ ಕೆನ್ನೆಗೂ ಚುಚ್ಚಿ ಹುಣ್ಣಾಗುತ್ತದೆ. ಮೊಲ ಹಸಿದು ಬಂದು ಬಟ್ಟಲು ಮೂಸುತ್ತದೆ, ಒಂದು ಎಲೆ ಬಾಯಿಗೆ ತೆಗೆದುಕೊಂಡು ಕೆಳಗೆ ಬೀಳಿಸುತ್ತದೆ, ಗದ್ದ ಒದ್ದೆಯಾಗಿರುತ್ತದೆ. ಇಷ್ಟು ಕಂಡರೆ ಹಲ್ಲಿನ ತೊಂದರೆ ಎಂದೇ ತಿಳಿಯಿರಿ. ಹೊಟ್ಟೆಯ ಕಥೆಯೂ ಇದೇ. ನಾರು ಬೀಳುತ್ತಿದ್ದರೆ ಮಾತ್ರ ಅದರ ಕರುಳು ಚಲಿಸುತ್ತದೆ, ನಾರು ನಿಂತರೆ ಕರುಳೂ ನಿಲ್ಲುತ್ತದೆ.

ನಮ್ಮ ಕಡೆ ಹುಲ್ಲು ಎಲ್ಲಿ ಸಿಗುತ್ತದೆ? ಪರದೇಶದ ಒಣಹುಲ್ಲು ತರಿಸಲೇಬೇಕೇ?

ತರಿಸಲೇಬೇಕೆಂದಿಲ್ಲ. ಕೊಳ್ಳುವ ಶಕ್ತಿಯಿದ್ದರೆ ಟಿಮೊಥಿ ಹುಲ್ಲು ಒಳ್ಳೆಯದೇ. ಆದರೆ ನಮ್ಮ ಗರಿಕೆ ಅದಕ್ಕೇನೂ ಕಡಿಮೆಯಿಲ್ಲ. ಗಣಪತಿಗೆ ಏರಿಸುವ ಅದೇ ಗರಿಕೆ. ಹಿತ್ತಲು, ಹೊಲದ ಬದು, ಖಾಲಿ ಸೈಟು ಎಲ್ಲೆಡೆ ಬೆಳೆಯುತ್ತದೆ. ಮಳೆಗಾಲದಲ್ಲಿ ಕೊಯ್ದು ನೆರಳಿನಲ್ಲಿ ಹರವಿ ಒಣಗಿಸಿಟ್ಟುಕೊಂಡರೆ ಬೇಸಿಗೆಯವರೆಗೂ ಬರುತ್ತದೆ. ಒಣಗಿದ ಮೇಲೂ ಹಸಿರು ಬಣ್ಣ, ಒಳ್ಳೆಯ ವಾಸನೆ ಉಳಿದಿರಬೇಕು. ಮುಗ್ಗಲು ವಾಸನೆ ಬಂದರೆ, ಬಿಳಿ ಬೂಷ್ಟು ಕಂಡರೆ ಚೆಲ್ಲಿಬಿಡಿ.

ಎಮ್ಮೆ, ಆಕಳು ಕಟ್ಟಿರುವವರ ಪರಿಚಯವಿದ್ದರೆ ಗಿನಿ ಹುಲ್ಲು ಅಥವಾ ನೇಪಿಯರ್ ಕೇಳಿ ತನ್ನಿ. ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಇರುವುದು ನಮ್ಮ ಧಾರವಾಡದಲ್ಲೇ. ಮೇವಿನ ಬೆಳೆಗಳ ಬಗ್ಗೆ ಇಷ್ಟು ತಿಳಿವಳಿಕೆ ಕೈಗೆಟುಕುವಲ್ಲಿರುವ ಊರಿನವರು ಹುಲ್ಲು ಸಿಗುವುದಿಲ್ಲ ಎಂದು ಮೊಲಕ್ಕೆ ಬಿಸ್ಕತ್ತು ಹಾಕುವುದು ನನಗೆ ನೋವಿನ ಸಂಗತಿ. ಮನೆಯ ಮುಂದೆ ನಾಲ್ಕು ಅಡಿ ಜಾಗವಿದ್ದರೆ ಗಿನಿ ಹುಲ್ಲಿನ ಬೇರು ತುಂಡುಗಳನ್ನು ನೆಟ್ಟುಬಿಡಿ. ಕೊಯ್ದಷ್ಟೂ ಚಿಗುರುತ್ತದೆ.

ರಸ್ತೆ ಬದಿಯ ಹುಲ್ಲು ಮಾತ್ರ ಬೇಡ. ವಾಹನಗಳ ಹೊಗೆ, ನಾಯಿಗಳ ಮೂತ್ರ, ಕಳೆನಾಶಕ ಇವೆಲ್ಲ ಅದರ ಮೇಲಿರುತ್ತವೆ.

ಜೋಳದ ಕಣಿಕೆ ಹಾಕಬಹುದೇ? ಶೇಂಗಾ ಹೊಟ್ಟು?

ಬಲಿತು ಒಣಗಿದ ಕಣಿಕೆಯ ಗರಿಯನ್ನು ಹುಲ್ಲಿನ ಜೊತೆ ಬೆರೆಸಿ ಹಾಕಬಹುದು. ಗೋವಿನಜೋಳದ ಹಸಿ ಗರಿ ಮತ್ತು ತೆನೆಯ ಸಿಪ್ಪೆಯನ್ನು ಮೊಲಗಳು ಪ್ರೀತಿಯಿಂದ ತಿನ್ನುತ್ತವೆ, ಹಾವೇರಿ ಕಡೆಯವರಿಗೆ ಇದಕ್ಕೆ ಬರವಿಲ್ಲ. ಕಾಳು ಮಾತ್ರ ಬೇಡ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಜೋಳದ ಎಳೆ ಪೈರನ್ನು, ಕೊಯ್ದ ಮೇಲೆ ಬರುವ ಕೂಳೆ ಚಿಗುರನ್ನು, ಮಳೆಯಿಲ್ಲದೆ ಬಾಡಿದ ಪೈರನ್ನು ಎಂದಿಗೂ ಹಾಕಬೇಡಿ. ಅದರಲ್ಲಿ ಸೈನೈಡ್ ವಿಷ ಹುಟ್ಟುತ್ತದೆ. ಎಳೆ ಜೋಳ ಮೇಯ್ದು ದನ ಸತ್ತ ಸುದ್ದಿಯನ್ನು ನಮ್ಮ ರೈತರೆಲ್ಲ ಕೇಳಿದ್ದಾರೆ. ದನವನ್ನೇ ಕೊಲ್ಲುವುದು ಎರಡು ಕಿಲೋ ಮೊಲವನ್ನು ಬಿಟ್ಟೀತೇ?

ಶೇಂಗಾ ಹೊಟ್ಟಿನಲ್ಲಿ ಕಣ್ಣಿಗೆ ಕಾಣದ ಬೂಷ್ಟು ಇರುವ ಭಯ ಹೆಚ್ಚು. ನಾನು ಹಾಕುವುದಿಲ್ಲ.

ಗಜ್ಜರಿಯೇ ಮೊಲದ ಆಹಾರ ಅಲ್ಲವೇ?

ಅಲ್ಲ. ಚಿತ್ರಗಳಲ್ಲಿ ನೋಡಿ ನೋಡಿ ನಮಗೆ ಹಾಗೆ ಅನ್ನಿಸಿದೆ. ಗಜ್ಜರಿಯಲ್ಲಿ ಸಕ್ಕರೆ ಹೆಚ್ಚು. ವಾರದಲ್ಲಿ ಎರಡು ಮೂರು ಸಲ ಬೆರಳಿನ ಒಂದು ಗಣ್ಣಿನಷ್ಟು ತುಂಡು ಕೊಡಿ. ಗಜ್ಜರಿಯ ಮೇಲಿನ ಸೊಪ್ಪನ್ನು ಧಾರಾಳವಾಗಿ ಹಾಕಬಹುದು. ಸಂತೆಯಲ್ಲಿ ಮಾರುವವರು ಅದನ್ನು ಕಿತ್ತು ಎಸೆದಿರುತ್ತಾರೆ, ಕೇಳಿದರೆ ಹಾಗೆಯೇ ಕೊಡುತ್ತಾರೆ. ಬಾಳೆಹಣ್ಣು, ಸೇಬು, ಪೇರಲ ಹಣ್ಣಿಗೂ ಇದೇ ಅಳತೆ. ಸೇಬಿನ ಬೀಜ ತೆಗೆದು ಕೊಡಿ.

ಯಾವ ಯಾವ ಸೊಪ್ಪು ಕೊಡಬಹುದು?

ಕೊತ್ತಂಬರಿ, ಪುದೀನ, ಮೆಂತ್ಯ, ಸಬ್ಬಸಿಗೆ, ಮೂಲಂಗಿ ಎಲೆ, ತುಳಸಿ. ರೊಟ್ಟಿಯ ಜೊತೆ ನಾವು ಹಸಿಯಾಗಿ ತಿನ್ನುವ ಹಕ್ಕರಿಕೆಯನ್ನೂ ಕೊಡಬಹುದು. ಪಾಲಕ್ ಮತ್ತು ರಾಜಗಿರಿಯಲ್ಲಿ ಆಕ್ಸಲೇಟ್ ಎಂಬ, ಅತಿಯಾದರೆ ಕೇಡು ಮಾಡುವ ಅಂಶ ಹೆಚ್ಚಿರುವುದರಿಂದ ಅಪರೂಪಕ್ಕೆ ಸಾಕು. ಎಲೆಕೋಸು, ಹೂಕೋಸಿನ ಎಲೆ ಕೆಲವು ಮೊಲಗಳಿಗೆ ಹೊಟ್ಟೆ ಉಬ್ಬರ ತರುತ್ತದೆ. ಮೊದಲು ಒಂದು ಎಲೆಯಷ್ಟೇ ಹಾಕಿ ಮರುದಿನ ಹಿಕ್ಕೆ ನೋಡಿ ಮುಂದುವರಿಯಿರಿ. ಕುದುರೆ ಮಸಾಲೆ ಸೊಪ್ಪಿನಲ್ಲಿ ಸುಣ್ಣದಂಶ ಬಹಳ. ಬೆಳೆಯುವ ಮರಿಗೆ, ಹಾಲುಣಿಸುವ ತಾಯಿಗೆ ಒಳ್ಳೆಯದು, ಬೆಳೆದ ಮೊಲಕ್ಕೆ ದಿನವೂ ಬೇಡ.

ಹೊಸ ಸೊಪ್ಪು ಯಾವುದಾದರೂ ಒಂದೊಂದಾಗಿ ರೂಢಿ ಮಾಡಿಸಿ. ಮೊಲದ ಹೊಟ್ಟೆಗೆ ದಿಢೀರ್ ಬದಲಾವಣೆ ಆಗಿಬರುವುದಿಲ್ಲ. ಮಾರುಕಟ್ಟೆಯ ಸೊಪ್ಪಿನ ಮೇಲೆ ಸಿಂಪಡಿಸಿದ ಔಷಧಿ ಇರುತ್ತದೆ, ಎರಡು ಮೂರು ನೀರಿನಲ್ಲಿ ತೊಳೆದು ನೀರು ಸೋರಿದ ಮೇಲೆ ಹಾಕಿ.

ಯಾವುದನ್ನು ಹಾಕಲೇಬಾರದು?

ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಮತ್ತು ಅದರ ಗಿಡ, ಟೊಮೆಟೊ ಗಿಡದ ಎಲೆ, ಬೆಣ್ಣೆಹಣ್ಣು, ಚಾಕೊಲೇಟ್. ಗಿಡಗಳಲ್ಲಿ ಕಣಗಿಲೆ, ಎಕ್ಕೆ, ದತ್ತೂರಿ, ಔಡಲ, ಲಂಟಾನ ಇವೆಲ್ಲ ವಿಷ. ಹುಲ್ಲು ಕೊಯ್ಯುವಾಗ ಅದರ ನಡುವೆ ಪಾರ್ಥೇನಿಯಂ, ಅಂದರೆ ನಾವು ಕಾಂಗ್ರೆಸ್ ಕಸ ಎನ್ನುವುದು, ಸೇರಿರುತ್ತದೆ. ಅದನ್ನು ಆರಿಸಿ ತೆಗೆಯುವ ತಾಳ್ಮೆ ಬೇಕು.

ರೊಟ್ಟಿ, ಚಪಾತಿ, ಅನ್ನ, ಚುರುಮರಿ, ಬಿಸ್ಕತ್ತು, ಕಡಲೆಬೇಳೆ ಇವು ಕೂಡಲೇ ಕೊಲ್ಲುವ ವಿಷವಲ್ಲ. ಆದರೆ ಹಿಟ್ಟಿನ ಅಂಶ ಕರುಳಿನಲ್ಲಿ ಹುಳಿಯೆದ್ದು ಕೆಟ್ಟ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಅತಿಥಿಗಳು ಬಂದಾಗ ಮಕ್ಕಳು ಪ್ರೀತಿಯಿಂದ ಪೇಢೆಯ ಚೂರು ಬಾಯಿಗೆ ಹಿಡಿಯುತ್ತಾರೆ, ಮೊಲ ತಿಂದೇ ತಿನ್ನುತ್ತದೆ. ಸಿಹಿ ಅದಕ್ಕೆ ಇಷ್ಟ, ಹಿತವಲ್ಲ. ಮನೆಯ ಎಲ್ಲರಿಗೂ ಇದನ್ನು ಒಮ್ಮೆ ಕೂರಿಸಿ ಹೇಳಿ.

ನಮ್ಮ ಮೊಲ ತನ್ನ ಹಿಕ್ಕೆಯನ್ನೇ ತಿನ್ನುತ್ತದೆ. ರೋಗವೇ?

ರೋಗವಲ್ಲ, ಅದು ತಿನ್ನಲೇಬೇಕು. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಗೂಡಿನಲ್ಲಿ ನೀವು ಗುಡಿಸುವುದು ಕಡಲೆ ಕಾಳಿನ ಗಾತ್ರದ, ದುಂಡಗಿನ, ಒಣ ಹಿಕ್ಕೆ. ಮುರಿದು ನೋಡಿದರೆ ಒಳಗೆ ಹುಲ್ಲಿನ ಪುಡಿ ಕಾಣುತ್ತದೆ. ಇನ್ನೊಂದು ಬಗೆಯದು ಮೆತ್ತಗೆ, ಕಪ್ಪಾಗಿ, ಮಿರುಗುತ್ತ, ಪುಟ್ಟ ದ್ರಾಕ್ಷಿ ಗೊಂಚಲಿನಂತೆ ಅಂಟಿಕೊಂಡಿರುತ್ತದೆ. ಅದು ನೆಲಕ್ಕೆ ಬೀಳುವುದೇ ಕಡಿಮೆ. ಮೊಲ ವಿಶ್ರಾಂತಿಯಲ್ಲಿದ್ದಾಗ ತಲೆ ಬಗ್ಗಿಸಿ ಗುದದಿಂದಲೇ ನೇರವಾಗಿ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಹುಲ್ಲು ಮೊದಲ ಸಲಕ್ಕೆ ಪೂರ್ತಿ ಜೀರ್ಣವಾಗುವುದಿಲ್ಲ. ದೊಡ್ಡ ಕರುಳಿನ ಆರಂಭದ ಚೀಲದಲ್ಲಿ ಕೊಳೆತು ಪ್ರೋಟೀನ್ ಮತ್ತು ಬಿ ಜೀವಸತ್ವಗಳಿಂದ ತುಂಬಿಕೊಂಡ ಆ ಗೊಂಚಲನ್ನು ಮತ್ತೆ ತಿಂದಾಗಲೇ ಅದರ ಸತ್ವ ಮೈಗೆ ಹತ್ತುತ್ತದೆ.

ಈ ಗೊಂಚಲುಗಳು ತಿನ್ನದೆ ಗೂಡಿನಲ್ಲಿ ಬಿದ್ದಿದ್ದರೆ, ಹಿಂಭಾಗಕ್ಕೆ ಮೆತ್ತಿಕೊಂಡಿದ್ದರೆ ಅದೇ ಚಿಂತೆಯ ವಿಷಯ. ಪೆಲೆಟ್ ಅಥವಾ ಸಿಹಿ ಹೆಚ್ಚಾಗಿರಬಹುದು, ಬೊಜ್ಜು ಬಂದು ಅದಕ್ಕೆ ಬಗ್ಗಲು ಆಗದಿರಬಹುದು, ಬೆನ್ನು ಇಲ್ಲವೇ ಹಲ್ಲು ನೋಯುತ್ತಿರಬಹುದು.

ಮೊಲಕ್ಕೆ ನೀರು ಕುಡಿಸಿದರೆ ಸಾಯುತ್ತದೆ ಎನ್ನುತ್ತಾರೆ, ನಿಜವೇ?

ಶುದ್ಧ ಸುಳ್ಳು. ಈ ಮಾತನ್ನು ನಂಬಿದ ಮನೆಗಳಲ್ಲಿ ಮೊಲಗಳು ಬಾಯಾರಿಕೆಯಿಂದ ಬಳಲುತ್ತವೆ. ಒಂದು ಕಿಲೋ ತೂಕದ ಮೊಲ ದಿನಕ್ಕೆ 50ರಿಂದ 150 ಮಿಲಿಲೀಟರ್ ನೀರು ಕುಡಿಯುತ್ತದೆ, ಒಣಹುಲ್ಲು ತಿನ್ನುವಾಗ ಮತ್ತು ಬೇಸಿಗೆಯಲ್ಲಿ ಇನ್ನಷ್ಟು. ಭಾರವಾದ ಮಣ್ಣಿನ ಅಥವಾ ಪಿಂಗಾಣಿ ಬಟ್ಟಲು ಇಡಿ, ಹಗುರ ಪ್ಲಾಸ್ಟಿಕ್ ಬಟ್ಟಲನ್ನು ಅದು ಒದ್ದು ಉರುಳಿಸುತ್ತದೆ. ನಳದ ನೀರು ದಿನ ಬಿಟ್ಟು ಬರುವ ಊರು ನಮ್ಮದು, ಮನೆಯಲ್ಲಿ ಡ್ರಮ್ಮಿನ ನೀರೇ ಗತಿ. ಆದರೂ ಬಟ್ಟಲಿನ ನೀರನ್ನು ದಿನಕ್ಕೆ ಎರಡು ಸಲ ಬದಲಿಸಿ, ಒಳಗಿನ ಲೋಳೆಯನ್ನು ಉಜ್ಜಿ ತೊಳೆಯಿರಿ.

ಏಪ್ರಿಲ್–ಮೇ ಬಿಸಿಲಿನಲ್ಲಿ ಹೇಗೆ ಕಾಪಾಡುವುದು?

ಮೊಲಕ್ಕೆ ಚಳಿಗಿಂತ ಸೆಕೆ ಅಪಾಯ. ಅದಕ್ಕೆ ಬೆವರು ಬರುವುದಿಲ್ಲ, ಮೈ ಕಾವು ಹೊರಹೋಗುವುದು ಮುಖ್ಯವಾಗಿ ಕಿವಿಗಳ ಮೂಲಕ. ಸುತ್ತಲಿನ ಕಾವು 30 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ. ಧಾರವಾಡದಲ್ಲಿ ಸಂಜೆಯ ಗಾಳಿಯಾದರೂ ಇದೆ. ಗದಗ, ರೋಣ, ನರಗುಂದ ಕಡೆಯ ಬಯಲು ಸೀಮೆಯಲ್ಲಿ ಮಧ್ಯಾಹ್ನ ತೀರಾ ಬಿರುಸು. ತಗಡಿನ ಶೆಡ್ಡಿನ ಕೆಳಗೆ, ತಾರಸಿಯ ಮೇಲೆ ಮೊಲ ಇಡುವುದು ಅದನ್ನು ಕೊಂದಂತೆಯೇ.

ಮನೆಯಲ್ಲಿ ಅತಿ ತಂಪಾದ ಮೂಲೆ ಹುಡುಕಿ. ಶಹಾಬಾದ್ ಕಲ್ಲು ಅಥವಾ ಕಡಪಾ ಹಾಸಿದ ನೆಲ ಇದ್ದರೆ ಹೊಟ್ಟೆಯನ್ನು ನೆಲಕ್ಕೆ ಚಾಚಿ ಮಲಗಲು ಅದೇ ಸಾಕು. ನೀರಿನ ಬಾಟಲಿಯನ್ನು ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿ, ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಬೇಕೆನಿಸಿದಾಗ ಅದೇ ಬಂದು ಒರಗುತ್ತದೆ. ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ಆದರೆ ಗಾಳಿ ಆಡುವಂತಿರಲಿ. ಒದ್ದೆ ಕೈಯಿಂದ ಕಿವಿಗಳನ್ನು ಸವರಿ.

ಬಾಯಿ ತೆರೆದು ಏದುಸಿರು ಬಿಡುವುದು, ಜೊಲ್ಲು, ಕೆಂಪಾಗಿ ಸುಡುವ ಕಿವಿ, ತೂರಾಡುವ ನಡಿಗೆ ಕಂಡರೆ ಬಿಸಿಲಿನ ಹೊಡೆತ ಬಿದ್ದಿದೆ ಎಂದರ್ಥ. ತಂಪು ಜಾಗಕ್ಕೆ ಒಯ್ದು, ಸಾಧಾರಣ ನೀರಿನಿಂದ ಕಿವಿ ಮತ್ತು ಪಾದ ಒದ್ದೆ ಮಾಡುತ್ತ ವೈದ್ಯರ ಬಳಿ ಹೊರಡಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ, ಆ ಆಘಾತಕ್ಕೇ ಜೀವ ಹೋಗಬಹುದು.

ಗೂಡು ಎಷ್ಟು ದೊಡ್ಡದಿರಬೇಕು?

ಮೊಲ ಮೂರು ಜಿಗಿತ ಜಿಗಿಯುವಷ್ಟು ಉದ್ದ, ಹಿಂಗಾಲ ಮೇಲೆ ನಿಂತರೆ ಕಿವಿ ತಾಗದಷ್ಟು ಎತ್ತರ. ಅದರ ಮೇಲೂ ದಿನಕ್ಕೆ ಕೆಲವು ಗಂಟೆ ಹೊರಗೆ ಓಡಾಡಲು ಬಿಡಬೇಕು. ಬರೀ ತಂತಿ ಜಾಳಿಗೆಯ ತಳ ಬೇಡ. ಮೊಲದ ಪಾದಕ್ಕೆ ನಾಯಿಯ ಪಾದದಂತೆ ಮೆತ್ತೆಯಿಲ್ಲ, ಕೂದಲಷ್ಟೇ. ತಂತಿ ಒತ್ತಿ ಹಿಂಗಾಲಿನ ಹಿಮ್ಮಡಿ ಹುಣ್ಣಾಗುತ್ತದೆ. ಹಲಗೆ ಹಾಕಿ ಅದರ ಮೇಲೆ ಹುಲ್ಲು ಹಾಸಿ. ಅಡಗಿಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ ಇರಲಿ. ರಾತ್ರಿ ಬೆಕ್ಕು, ಮುಂಗುಸಿ, ಹಾವು ನುಗ್ಗದಂತೆ ಭದ್ರವಾಗಿರಲಿ. ಹೊರಗೆ ಬಿಟ್ಟಾಗ ವಿದ್ಯುತ್ ವೈರುಗಳನ್ನು ಮೇಲೆತ್ತಿ, ಮೊಲ ಕಚ್ಚದೆ ಬಿಡುವುದಿಲ್ಲ.

ಸ್ನಾನ ಮಾಡಿಸಬಹುದೇ?

ಬೇಡ. ಅದೇ ತನ್ನ ಮೈಯನ್ನು ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ. ನೀರಿನ ಗಾಬರಿ, ಒಣಗದ ದಟ್ಟ ಕೂದಲು ಎರಡೂ ಕೇಡು. ಹಿಂಭಾಗ ಕೊಳೆಯಾಗಿದ್ದರೆ ಆ ಜಾಗವನ್ನಷ್ಟೇ ಬೆಚ್ಚಗಿನ ನೀರಿನಲ್ಲಿ ತೊಳೆದು ಪೂರ್ತಿ ಒರೆಸಿ. ಮಳೆಗಾಲದಲ್ಲಿ ಇದನ್ನು ದಿನವೂ ನೋಡಲೇಬೇಕು. ಒದ್ದೆ ಕೂದಲಿನಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳುಗಳು ಮಾಂಸ ಹೊಕ್ಕುತ್ತವೆ. ಧಾರವಾಡದ ಜಿಟಿಜಿಟಿ ಮಳೆಯ ತಿಂಗಳುಗಳಲ್ಲಿ ಗೂಡು ಒಣಗಿಸುವುದೇ ದೊಡ್ಡ ಕೆಲಸ.

ಸಂತೆಯಿಂದ ತಂದ ಮರಿ ವಾರದೊಳಗೆ ಸತ್ತಿತು. ಏಕೆ?

ಬಹುತೇಕ ಅದನ್ನು ತಾಯಿಯಿಂದ ತೀರಾ ಬೇಗ ಬಿಡಿಸಿರುತ್ತಾರೆ. ಚಿಕ್ಕದಾಗಿದ್ದಷ್ಟೂ ಮುದ್ದು, ಮುದ್ದಾದಷ್ಟೂ ಬೇಗ ಮಾರಾಟ. ಮರಿ ಕನಿಷ್ಠ 6 ವಾರ, ಸಾಧ್ಯವಾದರೆ 8 ವಾರ ತಾಯಿಯ ಜೊತೆ ಇರಬೇಕು. ಅದಕ್ಕೂ ಮೊದಲೇ ಬಿಡಿಸಿ, ಎಲೆಕೋಸು, ಗಜ್ಜರಿ ಹಾಕಿದರೆ ಭೇದಿ ಹತ್ತುತ್ತದೆ. ಮರಿಗಳಲ್ಲಿ ಕಾಕ್ಸಿಡಿಯಾ ಎಂಬ ಕರುಳಿನ ಪರೋಪಜೀವಿಯ ಕಾಟವೂ ಹೆಚ್ಚು. ಮರಿಗೆ ಭೇದಿ ಎಂದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು, ನಾಳೆ ನೋಡೋಣ ಎನ್ನುವಂತಿಲ್ಲ. ಅಂಗೈಯಲ್ಲಿ ಕೂರುವಂಥ ಮರಿಯನ್ನು ಕೊಳ್ಳಬೇಡಿ. ಕನಿಕರದಿಂದ ಕೊಂಡರೂ ಮಾರುವವರು ಅಂಥದೇ ಇನ್ನೊಂದನ್ನು ತಂದು ಕೂರಿಸುತ್ತಾರೆ.

ಗಂಡು–ಹೆಣ್ಣು ಜೋಡಿ ತರಬೇಕೇ?

ಮೊಲಕ್ಕೆ ಜೊತೆ ಬೇಕು, ನಿಜ. ಆದರೆ ಹೆಣ್ಣು ಮೊಲದ ಗರ್ಭಕಾಲ 31 ದಿನ ಮಾತ್ರ, ಮರಿ ಹಾಕಿದ ದಿನವೇ ಅದು ಮತ್ತೆ ಗರ್ಭ ಧರಿಸಬಲ್ಲದು. ಮೂರೂವರೆ ನಾಲ್ಕು ತಿಂಗಳಿಗೇ ಮರಿಗಳೂ ಪ್ರಾಯಕ್ಕೆ ಬರುತ್ತವೆ. ಜೋಡಿ ತಂದವರ ಮನೆಯಲ್ಲಿ ವರ್ಷದೊಳಗೆ ಜಾಗ ಸಾಲದೆ ಹೋಗುತ್ತದೆ, ಆಮೇಲೆ ಕಂಡಕಂಡವರಿಗೆ ಹಂಚುತ್ತಾರೆ. ಸಂತಾನಶಕ್ತಿಹರಣ ಮಾಡಿಸಿದರೆ ಜೋಡಿ ನೆಮ್ಮದಿಯಾಗಿರುತ್ತದೆ. ಹೆಣ್ಣಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಬಹಳ, ಅದೂ ತಪ್ಪುತ್ತದೆ. ಆದರೆ ಮೊಲಕ್ಕೆ ಅರಿವಳಿಕೆ ಕೊಟ್ಟು ಅನುಭವವಿರುವ ವೈದ್ಯರನ್ನೇ ಹುಡುಕಬೇಕು. ಅಂಥವರು ಸಿಗುವವರೆಗೆ ಬೇರೆ ಬೇರೆ ಗೂಡು, ನಡುವೆ ಜಾಳಿಗೆ. ಇಬ್ಬರು ಪ್ರಾಯದ ಗಂಡುಗಳನ್ನು ಒಂದೇ ಗೂಡಿನಲ್ಲಿ ಇಡಬೇಡಿ, ರಕ್ತ ಬರುವಂತೆ ಕಾದಾಡುತ್ತವೆ.

ತಾಯಿ ಮರಿಗಳ ಹತ್ತಿರವೇ ಹೋಗುತ್ತಿಲ್ಲ. ಹಾಲು ಕುಡಿಸಲೇ?

ತಡೆಯಿರಿ. ಮೊಲದ ತಾಯಿ ದಿನಕ್ಕೆ ಒಂದೆರಡು ಸಲ, ಅದೂ ಕೆಲವೇ ನಿಮಿಷ, ಹೆಚ್ಚಾಗಿ ಕತ್ತಲಲ್ಲಿ ಹಾಲುಣಿಸುತ್ತದೆ. ಉಳಿದ ಹೊತ್ತು ದೂರವೇ ಇರುವುದು ಅದರ ಸ್ವಭಾವ. ಬೆಳಿಗ್ಗೆ ಮರಿಗಳ ಹೊಟ್ಟೆ ನೋಡಿ. ದುಂಡಗೆ, ಬಿಗಿಯಾಗಿದ್ದರೆ ಹಾಲು ಕುಡಿದಿವೆ. ಹೊಟ್ಟೆ ಸುಕ್ಕುಗಟ್ಟಿ, ಮರಿ ತಣ್ಣಗಾಗಿದ್ದರೆ ಮಾತ್ರ ಗಾಬರಿಯ ವಿಷಯ, ಆಗ ವೈದ್ಯರನ್ನು ಕೇಳಿ. ಹೆರಿಗೆಯ ಮುನ್ನ ತಾಯಿ ತನ್ನ ಎದೆ, ಹೊಟ್ಟೆಯ ಕೂದಲು ಕಿತ್ತು ಗೂಡಿಗೆ ಹಾಸುತ್ತದೆ. ಅದನ್ನು ಕಸವೆಂದು ಗುಡಿಸಿ ತೆಗೆಯಬೇಡಿ, ಬೆತ್ತಲೆ ಮರಿಗಳಿಗೆ ಅದೇ ಕೌದಿ.

ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ, ಮೂಲೆಯಲ್ಲಿ ಕೂತಿದೆ. ಕಾಯಬಹುದೇ?

ಕಾಯಬಾರದು. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಮೊಲ ಬೇಟೆಗೆ ಗುರಿಯಾಗುವ ಪ್ರಾಣಿ, ನೋವನ್ನು ಕೊನೆಯವರೆಗೂ ಅಡಗಿಸುತ್ತದೆ. ಕೂಗುವುದಿಲ್ಲ, ನರಳುವುದಿಲ್ಲ. ನಮಗೆ ಹೇಳುವುದು ಅದರ ಹಿಕ್ಕೆ ಮಾತ್ರ. ದಿನವೂ ಬೆಳಿಗ್ಗೆ ಗುಡಿಸುವಾಗ ನೋಡಿ: ಹಿಕ್ಕೆ ಸಣ್ಣದಾಗಿದೆಯೇ, ಸಂಖ್ಯೆ ಕಡಿಮೆಯಾಗಿದೆಯೇ, ಕೂದಲಿನಿಂದ ಮಣಿಸರದಂತೆ ಪೋಣಿಸಿಕೊಂಡು ಬಂದಿದೆಯೇ? ಹತ್ತು ಹನ್ನೆರಡು ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಕರುಳು ನಿಂತಿದೆ ಎಂದೇ ಅರ್ಥ. ಮುದುಡಿ ಕೂರುವುದು, ಹಲ್ಲು ಕಟಕಟ ಕಡಿಯುವುದು ನೋವಿನ ಗುರುತು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆಯಲ್ಲಿ ನಿಂತದ್ದು ನಿಂತೇ ಇರುತ್ತದೆ.

ಬೆಚ್ಚಗಿಟ್ಟು ಕೂಡಲೇ ಹೊರಡಿ. ಹೊಟ್ಟೆ ಡೋಲಿನಂತೆ ಉಬ್ಬಿದ್ದರೆ ಬಾಯಿಗೆ ಏನನ್ನೂ ಒತ್ತಿ ಹಾಕಬೇಡಿ. ನಮ್ಮ ಪಶು ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬರುವುದು ದನ, ಎಮ್ಮೆ, ಕುರಿ. ಆದ್ದರಿಂದ ಮೊಲ ನೋಡುವ ವೈದ್ಯರು ಯಾರೆಂದು ಆರೋಗ್ಯವಾಗಿರುವಾಗಲೇ ವಿಚಾರಿಸಿ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಗದಗಿನಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ, ಆ ಭಾಗದವರು ಅಲ್ಲಿ ವಿಚಾರಿಸಬಹುದು.

ಮನೆಯಲ್ಲಿರುವ ಔಷಧಿ ಕೊಡಬಹುದೇ?

ಬೇಡವೇ ಬೇಡ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್‌ನಂಥ ಪ್ರತಿಜೀವಕಗಳನ್ನು ಬಾಯಿಯ ಮೂಲಕ ಕೊಟ್ಟರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳು ಸತ್ತು ಮೊಲವೂ ಸಾಯುತ್ತದೆ. ನಾಯಿಯ ಚಿಗಟಕ್ಕೆ ಹಚ್ಚುವ ಫಿಪ್ರೊನಿಲ್ ಮೊಲಕ್ಕೆ ಮಾರಕ. ಕಿವಿಯೊಳಗೆ ಕಂದು ಹಕ್ಕಳೆ, ಮೂಗು ಮತ್ತು ಪಾದದ ಮೇಲೆ ಬೂದು ಹೊಟ್ಟು ಕಂಡರೆ ಅದು ನುಸಿಯಿಂದ ಬರುವ ಕಜ್ಜಿ. ವೈದ್ಯರು ತೂಕ ನೋಡಿ ಕೊಡುವ ಔಷಧಿಯಿಂದ ಸುಲಭವಾಗಿ ವಾಸಿಯಾಗುತ್ತದೆ. ಹಕ್ಕಳೆಯನ್ನು ಕಿತ್ತು ತೆಗೆಯಬೇಡಿ, ವಿಪರೀತ ನೋವಾಗುತ್ತದೆ.

ಮೂತ್ರ ಕೆಂಪಗಿದೆ, ರಕ್ತವೇ?

ಹೆಚ್ಚಿನ ಸಲ ಅಲ್ಲ. ಸೊಪ್ಪಿನ ಬಣ್ಣದಿಂದ ಮೂತ್ರ ಕಿತ್ತಳೆ, ಕೆಂಪು ಆಗುವುದುಂಟು, ಸುಣ್ಣದ ನೀರಿನಂತೆ ಬೆಳ್ಳಗಿರುವುದೂ ಉಂಟು. ಮೂತ್ರಕ್ಕೆ ತಿಣುಕುತ್ತಿದ್ದರೆ, ಹನಿಹನಿಯಾಗಿ ಹೋಗುತ್ತಿದ್ದರೆ, ದಪ್ಪ ಕೆಸರಿನಂತಿದ್ದರೆ ತೋರಿಸಿ.

ಕಿವಿ ಹಿಡಿದು ಎತ್ತಬಹುದೇ?

ಎಂದಿಗೂ ಕೂಡದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಕೊಟ್ಟು, ನಿಮ್ಮ ಎದೆಗೆ ಒತ್ತಿಕೊಂಡು ಎತ್ತಿ. ಹಿಂಗಾಲು ಗಾಳಿಯಲ್ಲಿ ತೇಲಿದರೆ ಅದು ಗಾಬರಿಯಿಂದ ಒದೆಯುತ್ತದೆ, ಆ ಒದೆತದ ಬಲಕ್ಕೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಚಿಕ್ಕ ಮಕ್ಕಳು ನೆಲದ ಮೇಲೆ ಕೂತೇ ಮುಟ್ಟಲಿ.

ಗಣೇಶ ಹಬ್ಬ, ದೀಪಾವಳಿಯ ಸದ್ದಿಗೆ ಏನು ಮಾಡುವುದು?

ಮೆರವಣಿಗೆ ಹೋಗುವ ಬೀದಿಯ ಕಡೆಗಿರುವ ಕೋಣೆ ಬಿಟ್ಟು ಒಳಗಿನ ಕೋಣೆಗೆ ಗೂಡು ಸಾಗಿಸಿ, ಮುಂಚಿನ ದಿನವೇ. ಗೂಡಿನ ಮೂರು ಬದಿಗೆ ದಪ್ಪ ಚಾದರ ಹೊದಿಸಿ, ಅಡಗುವ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿಡಿ. ಅತಿಯಾದ ಭಯಕ್ಕೆ ಮೊಲದ ಎದೆಬಡಿತ ನಿಂತುಹೋಗಬಹುದು. ಮರುದಿನ ತಿನ್ನುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ರಂಗಪಂಚಮಿಯ ಬಣ್ಣ ಅದರ ಹತ್ತಿರ ಸುಳಿಯಕೂಡದು, ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ.

ಹೊಲದಲ್ಲಿ ಮೊಲದ ಮರಿ ಸಿಕ್ಕಿತು. ಸಾಕಬಹುದೇ?

ಇಲ್ಲ. ನಮ್ಮ ಎರೆ ಹೊಲಗಳಲ್ಲಿರುವುದು ಕಾಡು ಮೊಲ, ಮನೆಯ ಮೊಲಕ್ಕಿಂತ ಬೇರೆಯೇ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು, ಸಾಕುವುದು ಅಪರಾಧ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ತಾಯಿ ಅದನ್ನು ಹುಲ್ಲಿನಲ್ಲಿ ಬಚ್ಚಿಟ್ಟು ಮುಸ್ಸಂಜೆಗೆ ಬಂದು ಹಾಲುಣಿಸುತ್ತದೆ. ಒಂಟಿಯಾಗಿ ಕೂತಿದೆ ಎಂದರೆ ಅನಾಥ ಎಂದಲ್ಲ. ರಾಶಿ ಮಾಡುವಾಗ ಸಿಕ್ಕರೆ ಹತ್ತಿರದ ಬದುವಿನ ಹುಲ್ಲಿನ ಮರೆಗೆ ಸರಿಸಿ ಬಿಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ನಾಲ್ಕು ದಿನ ಊರಿಗೆ ಹೋಗಬೇಕು. ಹುಲ್ಲು, ನೀರು ತುಂಬಿಟ್ಟು ಹೋಗಬಹುದೇ?

ಒಂದು ರಾತ್ರಿಗೂ ಹಾಗೆ ಬಿಟ್ಟು ಹೋಗಬೇಡಿ. ಪಕ್ಕದ ಮನೆಯವರಿಗೋ ಬಂಧುಗಳಿಗೋ ಒಪ್ಪಿಸಿ, ಮುಂಚೆಯೇ ಒಮ್ಮೆ ಕರೆದು ಎಲ್ಲ ತೋರಿಸಿ. ಎಷ್ಟು ಪೆಲೆಟ್, ಯಾವ ಸೊಪ್ಪು, ವೈದ್ಯರ ನಂಬರ್ ಇಷ್ಟನ್ನೂ ಚೀಟಿಯಲ್ಲಿ ಬರೆದು ಗೂಡಿಗೆ ಅಂಟಿಸಿ. ಆ ದಿನಗಳಲ್ಲಿ ಹೊಸ ಆಹಾರ ಯಾವುದೂ ಬೇಡ ಎಂದು ಹೇಳಿ. ದಿನವೂ ಬೆಳಿಗ್ಗೆ ಗೂಡಿನ ತಳದ ಫೋಟೊ ತೆಗೆದು ಮೊಬೈಲಿಗೆ ಕಳಿಸಲು ಕೇಳಿಕೊಳ್ಳಿ. ಮೊಲದ ಮುಖದ ಫೋಟೊ ಸಾಲದು, ಹಿಕ್ಕೆಯ ಫೋಟೊ ಬೇಕು.